ಅಕ್ಕನ ಒಂಬತ್ತು, ಭಾವನ ನಲವತ್ತೊಂದು

ಸಂಶೋಧಕರ ಪೇಪರ್, ಸೈಟೇಶನ್ ಲೆಕ್ಕದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವು ಪತ್ರಗಳಲ್ಲಿ ಪ್ರಶ್ನೆಗಿಂತ ಸಿಟ್ಟೇ ಜಾಸ್ತಿ. ಅದೂ ಅರ್ಥವಾಗುವಂಥದ್ದೇ. ಈ ಲೆಕ್ಕದ ಮೇಲೆ ಕೆಲಸ, ಬಡ್ತಿ, ಮನೆಯಲ್ಲಿ ಮರ್ಯಾದೆ ಎಲ್ಲ ನಿಂತಿರುವಾಗ ಸಿಟ್ಟು ಬರದೇ ಇರುತ್ತದಾ? ಸೈಟೇಶನ್ ಅಂದರೇನು ಎಂದು ಕೇಳಿದವರಿಗೆ ಮೊದಲೇ ಹೇಳಿಬಿಡುತ್ತೇನೆ: ಒಬ್ಬರು ಪೇಪರ್ ಬರೆದು, ಅದರ ಕೊನೆಯ ರೆಫರೆನ್ಸ್ ಪಟ್ಟಿಯಲ್ಲಿ ಇನ್ನೊಂದು ಪೇಪರಿನ ಹೆಸರು ಹಾಕಿದರೆ, ಆ ಇನ್ನೊಂದಕ್ಕೆ ಒಂದು ಸೈಟೇಶನ್ ಸಿಕ್ಕಿತು. ಅಷ್ಟೇ.

ನನ್ನ ಅಕ್ಕ ಗಣಿತದಲ್ಲಿ ಸಂಶೋಧನೆ ಮಾಡುತ್ತಾಳೆ, ಭಾವ ಜೀವವಿಜ್ಞಾನದಲ್ಲಿ. ಇಬ್ಬರೂ ಪಿಎಚ್‌ಡಿ ಮುಗಿಸಿದ್ದು ಒಂದೇ ವರ್ಷ. ಅಕ್ಕನ ಎಚ್-ಇಂಡೆಕ್ಸ್ 9, ಭಾವನದು 41. ಮನೆಯವರೆಲ್ಲ ಸೇರಿದಾಗ ಇದೇ ತಮಾಷೆ. ಅಕ್ಕನೂ ನಗುತ್ತಾಳೆ, ಆದರೆ ಅವಳಿಗೆ ಬೇಜಾರಾಗುತ್ತದೆ ಅಂತ ನನಗೆ ಗೊತ್ತು. ಭಾವ ನಿಜವಾಗಲೂ ನಾಲ್ಕೂವರೆ ಪಟ್ಟು ದೊಡ್ಡ ವಿಜ್ಞಾನಿಯಾ? — ಒಬ್ಬ ತಮ್ಮ

ಅಲ್ಲ. ಹಾಗಂತ ನಿಮ್ಮ ಭಾವ ಚಿಕ್ಕವರು ಅಂತಲೂ ಅಲ್ಲ. ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ಒಬ್ಬರನ್ನು ಅಡಿಯಲ್ಲಿ ಅಳೆದು ಇನ್ನೊಬ್ಬರನ್ನು ಗೇಣಿನಲ್ಲಿ ಅಳೆದು, ಸಂಖ್ಯೆ ಯಾರದು ದೊಡ್ಡದು ನೋಡಿ ಅಂದ ಹಾಗೆ.

ಮೊದಲು ಎಚ್-ಇಂಡೆಕ್ಸ್ ಲೆಕ್ಕ ನೋಡೋಣ. 4 ಅಂದರೆ, ಕನಿಷ್ಠ ನಾಲ್ಕು ಸೈಟೇಶನ್ ಇರುವ ಪೇಪರ್ ನಾಲ್ಕಿವೆ, ಆದರೆ ಕನಿಷ್ಠ ಐದು ಇರುವಂಥವು ಐದಿಲ್ಲ. ಒಬ್ಬರ ಪೇಪರ್‌ಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಸಾಲಾಗಿ ಜೋಡಿಸಿ. 40, 12, 7, 5, 4, 2 ಅಂತ ಇವೆ ಎನ್ನಿ. ನಾಲ್ಕನೆಯ ಪೇಪರಿಗೆ 5 ಇದೆ, ಅಂದರೆ ನಾಲ್ಕಕ್ಕಿಂತ ಕಡಿಮೆಯಿಲ್ಲ. ಐದನೆಯದಕ್ಕೆ 4 ಮಾತ್ರ, ಐದು ಮುಟ್ಟಲಿಲ್ಲ. ಹಾಗಾಗಿ ಎಚ್-ಇಂಡೆಕ್ಸ್ 4. ಇಲ್ಲೊಂದು ತಮಾಷೆ ಇದೆ. ಮೊದಲನೆಯ ಪೇಪರಿನ 40 ನಾಳೆ 4,000 ಆದರೂ ಎಚ್-ಇಂಡೆಕ್ಸ್ 4 ಆಗಿಯೇ ಇರುತ್ತದೆ. ಒಂದೇ ಒಂದು ಅದ್ಭುತ ಕೆಲಸ ಮಾಡಿದವರನ್ನು ಈ ಲೆಕ್ಕ ಕಣ್ಣೆತ್ತಿಯೂ ನೋಡುವುದಿಲ್ಲ.

ಈಗ ಅಕ್ಕ-ಭಾವನ ವಿಷಯ. ಸೈಟೇಶನ್ ಆಕಾಶದಿಂದ ಉದುರುವುದಿಲ್ಲ, ಯಾರದೋ ರೆಫರೆನ್ಸ್ ಪಟ್ಟಿಯಿಂದ ಬರಬೇಕು. ಗಣಿತದ ಪೇಪರ್‌ಗಳ ಪಟ್ಟಿ ಸಾಮಾನ್ಯವಾಗಿ ಚಿಕ್ಕದು, ಜೀವವಿಜ್ಞಾನದವುಗಳ ಪಟ್ಟಿ ಉದ್ದ. ಜೊತೆಗೆ ಜೀವವಿಜ್ಞಾನದಲ್ಲಿ ಪೇಪರ್ ಬರೆಯುವವರೇ ಎಷ್ಟೋ ಪಟ್ಟು ಹೆಚ್ಚು. ಬರೆಯುವ ಕೈ ಜಾಸ್ತಿ, ಒಂದೊಂದು ಕೈ ಹಾಕುವ ಹೆಸರೂ ಜಾಸ್ತಿ, ಹಾಗಿದ್ದ ಮೇಲೆ ಎಲ್ಲರ ಪಾಲಿಗೂ ಜಾಸ್ತಿಯೇ ಬೀಳುತ್ತದೆ ಅಲ್ವಾ? ಮೂರನೆಯದು, ಕೆಲಸ ಮಾಡುವ ರೀತಿ. ಜೀವವಿಜ್ಞಾನದಲ್ಲಿ ಲ್ಯಾಬ್ ನಡೆಸುವವರ ಹೆಸರು ಆ ಲ್ಯಾಬಿನಿಂದ ಹೊರಬೀಳುವ ಪ್ರತಿ ಪೇಪರಿನಲ್ಲೂ ಕೊನೆಗೆ ಇರುತ್ತದೆ. ಹತ್ತು ವಿದ್ಯಾರ್ಥಿಗಳಿದ್ದರೆ ಹತ್ತು ಕಡೆಯಿಂದ ಪೇಪರ್. ಗಣಿತದವರು ಒಬ್ಬರೇ ಅಥವಾ ಇಬ್ಬರೋ ಮೂವರೋ ಕೂತು ಬರೆಯುತ್ತಾರೆ. ಗಣಿತಜ್ಞ ಆಂಡ್ರ್ಯೂ ವೈಲ್ಸ್, ಫರ್ಮಾ ಅವರ ಕೊನೆಯ ಪ್ರಮೇಯ ಎಂಬ ಗಣಿತದ ಹಳೆಯ ಒಗಟಿನ ಹಿಂದೆ ಏಳು ವರ್ಷ ಹೆಚ್ಚುಕಡಿಮೆ ಯಾರಿಗೂ ಹೇಳದೆ ಕೂತಿದ್ದರು. ಅದರ ಸಾಬೀತು ಅಚ್ಚಾಗಿದ್ದು 1995ರಲ್ಲಿ. ಆ ಏಳು ವರ್ಷದಲ್ಲಿ ಒಂದು ಚುರುಕಾದ ಲ್ಯಾಬ್ ಎಷ್ಟು ಪೇಪರ್ ಹೊರಹಾಕುತ್ತದೋ ನೀವೇ ಲೆಕ್ಕ ಹಾಕಿ.

ಇದನ್ನು ನಾನು ಹೊಸದಾಗಿ ಕಂಡುಹಿಡಿದು ಹೇಳುತ್ತಿಲ್ಲ. ಎಚ್-ಇಂಡೆಕ್ಸ್ ಕೊಟ್ಟ ಭೌತವಿಜ್ಞಾನಿ ಹೋರ್ಗೆ ಹಿರ್ಷ್ 2005ರ ಆ ಮೊದಲ ಪೇಪರಿನಲ್ಲೇ ಇದನ್ನು ಬರೆದಿದ್ದರು. ಅವರ ಪಟ್ಟಿಯಲ್ಲಿ ಭೌತವಿಜ್ಞಾನಿಗಳ ಪೈಕಿ ಎಲ್ಲರಿಗಿಂತ ಮೇಲಿದ್ದ ಎಡ್ವರ್ಡ್ ವಿಟೆನ್ ಅವರದು 110. ಜೀವವಿಜ್ಞಾನದ ಪಟ್ಟಿಯ ತುದಿಯಲ್ಲಿದ್ದ ಸಾಲೊಮನ್ ಸ್ನೈಡರ್ ಅವರದು 191. ಇದನ್ನು ಹಿಡಿದು ವಿಟೆನ್ ಕಡಿಮೆ ಅಂದವರನ್ನು ನಾನು ನೋಡಿಲ್ಲ. ಮನೆಯ ಊಟದ ಹೊತ್ತಿಗೆ ಮಾತ್ರ ಇಂಥ ಮಾತು ನಡೆಯುತ್ತದೆ.

ಹೋಲಿಸಲೇಬೇಕು ಅಂದರೆ ದಾರಿ ಇದೆ. ಒಂದು ಪೇಪರಿನ ಸೈಟೇಶನ್ ಸಂಖ್ಯೆಯನ್ನು ಅದೇ ಕ್ಷೇತ್ರದ, ಅದೇ ವರ್ಷದ, ಅದೇ ಬಗೆಯ ಬೇರೆ ಪೇಪರ್‌ಗಳ ಸರಾಸರಿಯಿಂದ ಭಾಗಿಸುವುದು. ಅಕ್ಕನ ಒಂದು ಪೇಪರಿಗೆ 12 ಸೈಟೇಶನ್ ಬಂದಿದೆ, ಆ ಕ್ಷೇತ್ರದ ಸರಾಸರಿ 4 ಎನ್ನಿ, ಆಗ ಉತ್ತರ 3. ಭಾವನ ಪೇಪರಿಗೆ 60, ಅಲ್ಲಿನ ಸರಾಸರಿ 40 ಎನ್ನಿ, ಉತ್ತರ 1.5. (ಈ ಸಂಖ್ಯೆಗಳು ಲೆಕ್ಕ ತೋರಿಸಲು ನಾನು ಹಾಕಿದ್ದು. ನಿಜವಾದ ಸರಾಸರಿ ಉಪಕ್ಷೇತ್ರ ಬದಲಾದಂತೆ ಬದಲಾಗುತ್ತದೆ.) ಪೇಪರ್, ಸೈಟೇಶನ್ ಲೆಕ್ಕವಿಡುವ ಸ್ಕೋಪಸ್ ಎಂಬ ದತ್ತಾಂಶ ಕೋಶದಲ್ಲಿ ಇಂಥದೇ ಒಂದು ಅಳತೆ ಇದೆ, ಅದರಲ್ಲಿ 1 ಅಂದರೆ ಜಗತ್ತಿನ ಸರಾಸರಿ. ಹೀಗೆ ಭಾಗಿಸಿ ನೋಡಿದರೆ ಬೇರೆ ಬೇರೆ ಕ್ಷೇತ್ರಗಳ ಸೈಟೇಶನ್ ಹಂಚಿಕೆ ಹೆಚ್ಚುಕಡಿಮೆ ಒಂದೇ ಆಕಾರಕ್ಕೆ ಬರುತ್ತದೆ ಎಂದು 2008ರಲ್ಲಿ ಫಿಲಿಪ್ಪೊ ರಾಡಿಕಿ ಮತ್ತು ಜೊತೆಯವರು ತೋರಿಸಿದರು. ಮುಂದಿನ ಸಲ ಮನೆಯಲ್ಲಿ ತಮಾಷೆ ಶುರುವಾದರೆ ‘ಭಾವ, ನಿಮ್ಮ ಕ್ಷೇತ್ರದ ಸರಾಸರಿ ಎಷ್ಟು?’ ಅಂತ ಕೇಳಿ ನೋಡಿ. ಒಳ್ಳೆಯ ವಿಜ್ಞಾನಿಯಾದರೆ ಅವರೂ ನಗುತ್ತಾರೆ.

ನನ್ನದು ಸಂಖ್ಯಾಶಾಸ್ತ್ರ. ಆದರೆ ವೈದ್ಯರ ಜೊತೆ ಕೆಲಸ ಮಾಡಿ ಮಾಡಿ ನನ್ನ ಮುಕ್ಕಾಲು ಪಾಲು ಸೈಟೇಶನ್ ವೈದ್ಯಕೀಯ ಪೇಪರ್‌ಗಳ ಮೇಲಿದೆ. ಸಂದರ್ಶನದಲ್ಲಿ ‘ಇದು ನಿಮ್ಮ ಕ್ಷೇತ್ರದ್ದಲ್ಲವಲ್ಲ’ ಅಂದುಬಿಟ್ಟರು. ನಾನು ಯಾವ ಕ್ಷೇತ್ರದವಳು ಸ್ವಾಮಿ? — ಎರಡು ದೋಣಿಯಲ್ಲಿ ಕಾಲಿಟ್ಟವಳು

ಮೇಲಿನ ಉತ್ತರದಲ್ಲಿ ನಾನು ಸುಲಭವಾಗಿ ‘ಅದೇ ಕ್ಷೇತ್ರದ ಸರಾಸರಿ’ ಅಂದೆ ನೋಡಿ, ಅದರ ಹುಳುಕು ನಿಮ್ಮ ಪ್ರಶ್ನೆಯಲ್ಲಿದೆ. ಕ್ಷೇತ್ರ ಯಾವುದು ಎಂದು ಈ ದತ್ತಾಂಶ ಸಂಸ್ಥೆಗಳು ಬಹುಪಾಲು ಜರ್ನಲ್ ನೋಡಿ ತೀರ್ಮಾನಿಸುತ್ತವೆ. ನಿಮ್ಮ ಸೂತ್ರ ಸಂಖ್ಯಾಶಾಸ್ತ್ರದ ಜರ್ನಲ್‌ನಲ್ಲಿ ಬಂದರೆ ಸಂಖ್ಯಾಶಾಸ್ತ್ರದವರ ಜೊತೆ ಓಟ, ವೈದ್ಯಕೀಯ ಜರ್ನಲ್‌ನಲ್ಲಿ ಬಂದರೆ ವೈದ್ಯರ ಜೊತೆ ಓಟ. ಕೆಲಸ ಅದೇ, ಕೈ ಅದೇ.

ನಿಮ್ಮಂಥವರಿಗೆ ಒಳ್ಳೆಯ ಹಿರಿಯರಿದ್ದಾರೆ. ರೋಗಿಗಳು ಎಷ್ಟು ಕಾಲ ಬದುಕುಳಿದರು ಎಂದು ಮೆಟ್ಟಿಲಿನಂಥ ಗೆರೆಯಲ್ಲಿ ತೋರಿಸುವ ಕಪ್ಲಾನ್-ಮೈಯರ್ ವಿಧಾನ ನಿಮಗೆ ಗೊತ್ತೇ ಇರುತ್ತದೆ. ಕಪ್ಲಾನ್, ಮೈಯರ್ ಇಬ್ಬರೂ ಬೇರೆ ಬೇರೆಯಾಗಿ ಬರೆದು ಒಂದೇ ಜರ್ನಲ್‌ಗೆ ಕಳಿಸಿದ್ದರು, ಸೇರಿಸಿ ಒಂದೇ ಪೇಪರ್ ಮಾಡಿ ಎಂಬ ಮಾತು ಸಂಪಾದಕರ ಕಡೆಯಿಂದ ಬಂತು. 1958ರಲ್ಲಿ ಸಂಖ್ಯಾಶಾಸ್ತ್ರದ ಜರ್ನಲ್‌ನಲ್ಲೇ ಅಚ್ಚಾಯಿತು. ಬದುಕುಳಿಯುವ ಕಾಲದ ಮೇಲೆ ಯಾವುದರ ಪ್ರಭಾವ ಎಷ್ಟು ಎಂದು ಲೆಕ್ಕ ಹಾಕುವ ಡೇವಿಡ್ ಕಾಕ್ಸ್ ಅವರ 1972ರ ಪೇಪರೂ ಹಾಗೇ. ನೇಚರ್ ಪತ್ರಿಕೆ 2014ರಲ್ಲಿ ಎಲ್ಲ ಕಾಲಕ್ಕೂ ಅತಿ ಹೆಚ್ಚು ಸೈಟೇಶನ್ ಪಡೆದ ನೂರು ಪೇಪರ್‌ಗಳ ಪಟ್ಟಿ ಮಾಡಿದಾಗ ಇವೆರಡೂ ಅದರಲ್ಲಿದ್ದವು. ಅಷ್ಟು ಸೈಟೇಶನ್ ಕೊಟ್ಟವರು ಯಾರು? ಹೆಚ್ಚಿನವರು ವೈದ್ಯಕೀಯದವರು. ಅದೇ ಪಟ್ಟಿಯ ತುದಿಯಲ್ಲಿ ಇದ್ದದ್ದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಹೇಳುವ, ಆಲಿವರ್ ಲೌರಿ ಮತ್ತು ಜೊತೆಯವರ 1951ರ ಪೇಪರ್, 3 ಲಕ್ಷಕ್ಕೂ ಹೆಚ್ಚು ಸೈಟೇಶನ್. ಇದೇನೂ ಮಹಾ ಪೇಪರ್ ಅಲ್ಲ ಎಂದು ಲೌರಿ ಅವರೇ ಬರೆದಿದ್ದರು. ಡಿಎನ್ಎ ರಚನೆ ಹೇಳಿದ ವಾಟ್ಸನ್-ಕ್ರಿಕ್ ಪೇಪರ್ ಆ ನೂರರಲ್ಲಿ ಇರಲೇ ಇಲ್ಲ! ಅಂದರೆ ದಿನಾ ಬಳಕೆಗೆ ಬರುವ ಸಾಧನ ಕೊಟ್ಟವರಿಗೆ ಹೆಸರು ಸಿಗುತ್ತದೆ. ಎಲ್ಲರ ತಲೆಯೊಳಗೆ ಇಳಿದುಹೋದ ವಿಚಾರಕ್ಕೆ ಯಾರೂ ರೆಫರೆನ್ಸ್ ಹಾಕುವುದಿಲ್ಲ. ಒಂದು ಬಗೆಯ ಕಣಗಳಿಗೆ ಬೋಸರ ಹೆಸರೇ ಇದೆ, ಆದರೆ ಬೋಸಾನ್ ಎಂದು ಬರೆಯುವಾಗಲೆಲ್ಲ ಸತ್ಯೇಂದ್ರನಾಥ ಬೋಸರ 1924ರ ಪೇಪರನ್ನು ಉಲ್ಲೇಖಿಸುವವರು ಯಾರಿದ್ದಾರೆ?

ಸಂದರ್ಶನಕ್ಕೆ ಮತ್ತೆ ಹೋಗುವಾಗ ಪಟ್ಟಿಯನ್ನು ಎರಡು ಭಾಗ ಮಾಡಿ. ನಾನು ಕಟ್ಟಿದ ವಿಧಾನಗಳು ಒಂದು ಕಡೆ, ನನ್ನ ವಿಧಾನ ಬಳಸಿ ವೈದ್ಯರ ಜೊತೆ ಮಾಡಿದ ಕೆಲಸ ಇನ್ನೊಂದು ಕಡೆ. ಎರಡನೆಯದರಲ್ಲಿ ನಿಮ್ಮ ಪಾಲು ಏನು ಎಂದು ಪ್ರತಿ ಪೇಪರಿಗೂ ಒಂದು ಸಾಲು ಬರೆಯಿರಿ. ಆ ಸಾಲೇ ನಿಮ್ಮನ್ನು ಕಾಪಾಡುತ್ತದೆ, ಸಂಖ್ಯೆ ಅಲ್ಲ.

ನನ್ನ ಸೈಟೇಶನ್ ಗೂಗಲ್ ಸ್ಕಾಲರ್‌ನಲ್ಲಿ 1,140, ಸ್ಕೋಪಸ್‌ನಲ್ಲಿ 760, ವೆಬ್ ಆಫ್ ಸೈನ್ಸ್‌ನಲ್ಲಿ 690. ಯಾವುದು ಸುಳ್ಳು?

ಯಾವುದೂ ಅಲ್ಲ. ಮೂರೂ ಸೈಟೇಶನ್ ಎಣಿಸುವ ತಾಣಗಳೇ, ಆದರೆ ಬಲೆ ಬೇರೆ ಬೇರೆ, ಬಿದ್ದ ಮೀನೂ ಬೇರೆ ಬೇರೆ. ಗೂಗಲ್ ಸ್ಕಾಲರ್ ಆದರೆ ಪಿಎಚ್‌ಡಿ ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಅಚ್ಚಾಗುವ ಮೊದಲೇ ಎಲ್ಲರಿಗೂ ತೆರೆದಿಡುವ ಪ್ರತಿ), ಪುಸ್ತಕ, ಸಮ್ಮೇಳನದ ಪೇಪರ್ ಎಲ್ಲವನ್ನೂ ಬಾಚುತ್ತದೆ. ಉಳಿದೆರಡು ಆರಿಸಿದ ಜರ್ನಲ್‌ಗಳನ್ನೇ ಮುಖ್ಯವಾಗಿ ನೋಡುತ್ತವೆ. ಕಂಪ್ಯೂಟರ್ ವಿಜ್ಞಾನದವರ ದೊಡ್ಡ ಕೆಲಸ ಸಮ್ಮೇಳನದಲ್ಲೂ ಮಾನವಿಕ ವಿಷಯದವರದು ಪುಸ್ತಕದಲ್ಲೂ ಬರುವುದರಿಂದ ಅವರಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು. ಸಂಖ್ಯೆ ಹೇಳುವಾಗ ಪಕ್ಕದಲ್ಲಿ ಎಲ್ಲಿಂದ, ಯಾವ ದಿನ ನೋಡಿದ್ದು ಅಂತ ಬರೆಯಿರಿ, ಸಾಕು.

ಆದರೆ ಸ್ಕಾಲರ್ ಪ್ರೊಫೈಲ್ ಒಮ್ಮೆ ಕಣ್ಣಾಡಿಸಿ. ಒಂದು ಸಲ ನನ್ನ ಪ್ರೊಫೈಲ್ ರಾತ್ರೋರಾತ್ರಿ ಉಬ್ಬಿಕೊಂಡಿತ್ತು. ಖುಷಿಯಾಗಿ ತೆರೆದು ನೋಡಿದರೆ ಮೀನಿನ ರೋಗದ ಬಗ್ಗೆ ಎಂಟು ಪೇಪರ್! ನನ್ನ ಹೆಸರಿನವರೇ ಇನ್ಯಾರೋ ಬರೆದದ್ದು. ನಾನು ಮೀನಿನ ರೋಗ ಕಂಡವನಲ್ಲ. ತೆಗೆದುಹಾಕಿದಾಗ ಸ್ವಲ್ಪ ಸಂಕಟವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಒಂದೇ ಹೆಸರಿನವರ ಈ ಗೋಜಲು ಬಿಡಿಸಲೆಂದೇ 2012ರಿಂದ ಆರ್ಕಿಡ್ ಎಂಬ 16 ಅಂಕಿಯ ಗುರುತು ಇದೆ, ಪುಕ್ಕಟೆ. ಇನ್ನೂ ಮಾಡಿಸಿಕೊಂಡಿಲ್ಲವಾದರೆ ಇವತ್ತೇ ಮಾಡಿಸಿಕೊಳ್ಳಿ. ಮದುವೆಯ ನಂತರ ಹೆಸರು ಬದಲಿಸಿದವರಿಗಂತೂ ಅದು ಬೇಕೇ ಬೇಕು.

ಪಿಎಚ್‌ಡಿಯ ನಾಲ್ಕನೇ ವರ್ಷ. ನನ್ನ ಮೊದಲ ಪೇಪರ್ ಬಂದು ಮೂರು ವರ್ಷವಾಯಿತು, ಸೈಟೇಶನ್ ಸೊನ್ನೆ. ಮೆಂಡೆಲ್‌ಗೂ ಹೀಗೇ ಆಗಿತ್ತು ಅಂತ ಗೆಳೆಯರು ಸಮಾಧಾನ ಹೇಳುತ್ತಾರೆ.

ಗೆಳೆಯರು ಒಳ್ಳೆಯವರು. ಮೆಂಡೆಲ್ ಬಟಾಣಿಯ ಪೇಪರ್ ಅಚ್ಚಾಗಿದ್ದು 1866ರಲ್ಲಿ, ಜಗತ್ತು ಕಣ್ಣುಬಿಟ್ಟಿದ್ದು 1900ರಲ್ಲಿ. ಐನ್‌ಸ್ಟೈನ್, ಪೊಡೋಲ್ಸ್ಕಿ, ರೋಸೆನ್ ಮೂವರು ಕ್ವಾಂಟಮ್ ಸಿದ್ಧಾಂತದ ಬಗ್ಗೆ 1935ರಲ್ಲಿ ಬರೆದ ಪೇಪರ್ ಕೂಡ ದಶಕಗಟ್ಟಲೆ ಮಲಗಿದ್ದು ಆಮೇಲೆ ಎದ್ದಿತು. ಆದರೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಸೊನ್ನೆ ಇರುವ ಹೆಚ್ಚಿನ ಪೇಪರ್‌ಗಳು ಮಲಗಿರುವ ಮೆಂಡೆಲ್‌ಗಳಲ್ಲ. ಯಾರ ಕಣ್ಣಿಗೂ ಬಿದ್ದಿಲ್ಲ, ಅಷ್ಟೇ. ಅದಕ್ಕೆ ಮಾಡಬಹುದಾದದ್ದು ಇದೆ. ಶೀರ್ಷಿಕೆ ನೋಡಿದ ತಕ್ಷಣ ವಿಷಯ ಗೊತ್ತಾಗುತ್ತದಾ? ದುಡ್ಡು ಕೊಡದೆ ಓದುವ ಹಾಗೆ ಪ್ರಿಪ್ರಿಂಟ್ ಎಲ್ಲಾದರೂ ಇಟ್ಟಿದ್ದೀರಾ? ನಿಮ್ಮ ಕೆಲಸ ನಿಜಕ್ಕೂ ಉಪಯೋಗವಾಗುವ ನಾಲ್ಕೈದು ಜನಕ್ಕೆ ಎರಡು ಸಾಲು ಬರೆದು ಕಳಿಸಿದ್ದೀರಾ? ಕೋಡ್, ದತ್ತಾಂಶ ಇದ್ದರೆ ಹಂಚಿದ್ದೀರಾ? ಗಣಿತ, ಸೈದ್ಧಾಂತಿಕ ವಿಷಯವಾದರೆ ಮೂರು ವರ್ಷ ಏನೇನೂ ಅಲ್ಲ. ವಿಮರ್ಶೆಗೆ ಹೋಗಿ ಬರುವುದಕ್ಕೇ ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಬೇಗ ಓಡುವ ಪ್ರಯೋಗದ ಕ್ಷೇತ್ರವಾದರೆ ಗೈಡ್ ಜೊತೆ ಒಮ್ಮೆ ಕೂತು ಮಾತಾಡಿ.

ಇಂಪ್ಯಾಕ್ಟ್ ಫ್ಯಾಕ್ಟರ್ 5ಕ್ಕಿಂತ ಕಡಿಮೆ ಇರುವ ಜರ್ನಲ್‌ಗೆ ಕಳಿಸಲೇಬಾರದು ಎಂದು ನಮ್ಮ ವಿಭಾಗದಲ್ಲಿ ಫರ್ಮಾನು. ಸರಿಯೇ?

ಒಂದೇ ವಿಭಾಗದಲ್ಲಿ ಗಣಿತದವರೂ ಕ್ಯಾನ್ಸರ್ ಸಂಶೋಧಕರೂ ಇದ್ದರೆ ಈ ಫರ್ಮಾನು ಹೊರಡಿಸಿದವರನ್ನು ಸ್ವಲ್ಪ ಹೊತ್ತು ಗಣಿತದವರ ಜೊತೆ ಕೂರಿಸಬೇಕು. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಜರ್ನಲ್‌ನ ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಶನ್ ಬಂತು ಎಂಬುದು. ಸೈಟೇಶನ್ ಸೂಚಿ (ಯಾವ ಪೇಪರನ್ನು ಯಾರು ಉಲ್ಲೇಖಿಸಿದರು ಎಂಬ ಪಟ್ಟಿ) ಎಂಬ ಕಲ್ಪನೆಯನ್ನು 1955ರಲ್ಲಿ ಮುಂದಿಟ್ಟ ಯೂಜೀನ್ ಗಾರ್ಫೀಲ್ಡ್ ಬಳಗ ಇದನ್ನು ಕಟ್ಟಿದ್ದು ಸೂಚಿಗೆ ಯಾವ ಜರ್ನಲ್ ಸೇರಿಸಬೇಕು ಎಂದು ಆರಿಸಲು. ಮನುಷ್ಯರನ್ನು ಆರಿಸಲು ಅಲ್ಲ. ಎರಡೇ ವರ್ಷದ ಕಿಟಕಿ ಆದ್ದರಿಂದ ನಿಧಾನವಾಗಿ ಸೈಟೇಶನ್ ಪಡೆಯುವ ಕ್ಷೇತ್ರಗಳಿಗೆ ಹುಟ್ಟಿನಿಂದಲೇ ಏಟು.

ಸರಾಸರಿ ಎಷ್ಟು ಮೋಸ ಮಾಡುತ್ತದೆ ಎನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಕತೆ ಇದು. ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ ಎಂಬ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2008ರಲ್ಲಿ 2ರ ಆಸುಪಾಸು ಇತ್ತು. 2009ರಲ್ಲಿ ಅದು 49.9! ಜರ್ನಲ್ ಏನೂ ಬದಲಾಗಿರಲಿಲ್ಲ. ಹರಳಿನ ರಚನೆ ಲೆಕ್ಕ ಹಾಕುವ ಶೆಲ್‌ಎಕ್ಸ್ ಎಂಬ ತಂತ್ರಾಂಶದ ಬಗ್ಗೆ ಜಾರ್ಜ್ ಶೆಲ್ಡ್ರಿಕ್ 2008ರಲ್ಲಿ ಅಲ್ಲೊಂದು ಲೇಖನ ಬರೆದಿದ್ದರು, ಅದನ್ನು ಬಳಸಿದವರೆಲ್ಲ ಅದಕ್ಕೆ ರೆಫರೆನ್ಸ್ ಕೊಟ್ಟರು. ಆ ಲೇಖನ ಎರಡು ವರ್ಷದ ಕಿಟಕಿ ದಾಟಿ ಹೋದ ಮೇಲೆ ಸಂಖ್ಯೆ ಮತ್ತೆ 2ರ ಹತ್ತಿರ ಬಂದು ಕೂತಿತು. ಆ ನಡುವೆ ಅಲ್ಲಿ ಪೇಪರ್ ಬಂದ ಉಳಿದವರೆಲ್ಲ ‘50ರ ಜರ್ನಲ್‌ನಲ್ಲಿ ಬರೆದವರು’ ಆಗಿಬಿಟ್ಟಿದ್ದರು. ನೇಮಕ, ಬಡ್ತಿಗೆ ಈ ಸಂಖ್ಯೆ ಬಳಸಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಘೋಷಣೆ ‘ಡೋರಾ’ ಹೇಳುತ್ತದೆ. ಬೇಕಾದರೆ ಅದರ ಪ್ರತಿ ತೆಗೆದು ಮುಖ್ಯಸ್ಥರ ಮೇಜಿನ ಮೇಲಿಡಿ. ನಿಮ್ಮ ಕೆಲಸ ಖಾಯಂ ಆಗಿದ್ದರೆ ಮಾತ್ರ.

ಒಂದು ಪೇಪರಿಗೆ ಐದು ಸಾವಿರ ಲೇಖಕರಂತೆ. ಪ್ರತಿಯೊಬ್ಬರಿಗೂ ಪೂರ್ತಿ ಸೈಟೇಶನ್ ಸಿಗುತ್ತದೆಯೇ?

ಸಿಗುತ್ತದೆ. ಹಿಗ್ಸ್ ಕಣದ ತೂಕದ ಬಗ್ಗೆ 2015ರಲ್ಲಿ ಎರಡು ದೊಡ್ಡ ತಂಡಗಳು ಸೇರಿ ಬರೆದ ಪೇಪರಿನಲ್ಲಿ 5,154 ಲೇಖಕರು. ಒಟ್ಟು 33 ಪುಟ, ಅದರಲ್ಲಿ 24 ಪುಟ ಹೆಸರುಗಳು ಮತ್ತು ಸಂಸ್ಥೆಗಳೇ! ಸಾಮಾನ್ಯ ಲೆಕ್ಕದಲ್ಲಿ ಒಂದು ಸೈಟೇಶನ್ ಬಂದರೆ 5,154 ಜನಕ್ಕೂ ಒಂದೊಂದು. ಹಂಚಿ ಕೊಡುವ ಲೆಕ್ಕವೂ ಇದೆ, ಬಳಸುವವರು ಕಡಿಮೆ. ಹೆಸರಿನ ಸಾಲೂ ಒಂದೊಂದು ಕಡೆ ಒಂದೊಂದು ಥರ. ಗಣಿತದಲ್ಲಿ ಅಕ್ಷರಮಾಲೆಯ ಕ್ರಮ, ಜೀವವಿಜ್ಞಾನದಲ್ಲಿ ದುಡಿದವರು ಮೊದಲು, ಯಜಮಾನರು ಕೊನೆಗೆ. ಗೊತ್ತಿಲ್ಲದೆ ಓದಿದರೆ ಅಪಾರ್ಥ ಗ್ಯಾರಂಟಿ.

ಅಂದ ಹಾಗೆ, 1975ರಲ್ಲಿ ಜಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ಒಬ್ಬರೇ ಬರೆದ ಪೇಪರಿನಲ್ಲಿ ಉದ್ದಕ್ಕೂ ‘ನಾವು’ ಅಂತ ಟೈಪ್ ಮಾಡಿದ್ದರು. ತಿದ್ದಿ ಮತ್ತೆ ಟೈಪ್ ಮಾಡುವ ಬದಲು ತಮ್ಮ ಬೆಕ್ಕಿನ ಹೆಸರನ್ನೇ ಸಹಲೇಖಕ ಅಂತ ಸೇರಿಸಿದರು, ಎಫ್. ಡಿ. ಸಿ. ವಿಲ್ಲರ್ಡ್ ಅಂತ. ಬೆಕ್ಕಿಗೂ ಪೂರ್ತಿ ಸೈಟೇಶನ್.

ದುಡ್ಡು ಕೊಟ್ಟರೆ ಸೈಟೇಶನ್ ಹೆಚ್ಚಿಸಿಕೊಡುತ್ತೇವೆ ಎಂದು ಇಮೇಲ್ ಬರುತ್ತಿದೆ. ನಮ್ಮ ಪೇಪರನ್ನು ನಾವೇ ಉಲ್ಲೇಖಿಸುವುದು ಕೂಡ ಇದೇ ಥರದ ತಪ್ಪೇ?

ಎರಡೂ ಬೇರೆ. ಹಳೆಯ ಕೆಲಸದ ಮೇಲೆ ಹೊಸದನ್ನು ಕಟ್ಟುವಾಗ ಹಳೆಯದನ್ನು ಹೇಳಲೇಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಸಂಬಂಧವಿಲ್ಲದ ಕಡೆಯೂ ತುರುಕಿದರೆ ಓದುವವರಿಗೆ ವಾಸನೆ ಬಡಿಯುತ್ತದೆ. ಜಾನ್ ಅಯೊನಿಡಿಸ್ ಮತ್ತು ಜೊತೆಯವರ ದೊಡ್ಡ ಪಟ್ಟಿಯಲ್ಲಿ (ಪತ್ರಿಕೆಗಳಲ್ಲಿ ‘ಜಗತ್ತಿನ ಶೇ. 2 ವಿಜ್ಞಾನಿಗಳು’ ಎಂದು ಬರುತ್ತದಲ್ಲ, ಅದೇ) ಸ್ವಂತ ಉಲ್ಲೇಖ ಸೇರಿಸಿದ ಲೆಕ್ಕ, ಬಿಟ್ಟ ಲೆಕ್ಕ ಎರಡನ್ನೂ ಕೊಡುತ್ತಾರೆ. ಎರಡರ ನಡುವೆ ಭಾರೀ ಅಂತರವಿದ್ದರೆ ಯಾಕೆ ಅಂತ ಕೇಳಬಹುದು.

ದುಡ್ಡಿನ ಇಮೇಲ್‌ಗೆ ಉತ್ತರವನ್ನೂ ಕೊಡಬೇಡಿ. ಸಂಖ್ಯೆ ಉಬ್ಬಿಸುವುದು ಎಷ್ಟು ಸುಲಭ ಎಂದು 2010ರಲ್ಲಿ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ ತೋರಿಸಿಬಿಟ್ಟರು. ಐಕ್ ಆಂಟ್‌ಕೇರ್ ಎಂಬ ಇಲ್ಲದ ವ್ಯಕ್ತಿಯನ್ನು ಹುಟ್ಟಿಸಿ, ಕಂಪ್ಯೂಟರಿನಿಂದ ಅರ್ಥವಿಲ್ಲದ ನೂರರಷ್ಟು ಪೇಪರ್ ಬರೆಸಿ, ಒಂದಕ್ಕೊಂದು ರೆಫರೆನ್ಸ್ ಕೊಡಿಸಿದರು. ಸ್ಕಾಲರ್ ಲೆಕ್ಕದಲ್ಲಿ ಆತನ ಎಚ್-ಇಂಡೆಕ್ಸ್ 94, ಐನ್‌ಸ್ಟೈನ್‌ಗಿಂತ ಮುಂದೆ. ಅದು ತಮಾಷೆ, ಆಮೇಲೆ ನಡೆದದ್ದು ತಮಾಷೆಯಲ್ಲ. ಅತಿ ಹೆಚ್ಚು ಸೈಟೇಶನ್ ಪಡೆದವರ ವಾರ್ಷಿಕ ಪಟ್ಟಿ ಮಾಡುವ ಕ್ಲಾರಿವೇಟ್ 2023ರಲ್ಲಿ ಗಣಿತ ವಿಭಾಗವನ್ನೇ ಕೈಬಿಟ್ಟಿತು. ಕ್ಷೇತ್ರ ಚಿಕ್ಕದು, ಸೈಟೇಶನ್ ಕಡಿಮೆ, ಹಾಗಾಗಿ ನಾಲ್ಕು ಜನ ಕೈಜೋಡಿಸಿದರೂ ಪಟ್ಟಿ ಅಡಿಮೇಲಾಗುತ್ತದೆ. ಮೊದಲ ಪತ್ರದ ಅಕ್ಕ ನೆನಪಾದರು ನನಗೆ. ಸಾಚಾ ಕೆಲಸ ಮಾಡಿದವರಿಗೆ ಸಂಖ್ಯೆ ಕಡಿಮೆ, ಅದೇ ಕಡಿಮೆ ಸಂಖ್ಯೆ ಕಳ್ಳರಿಗೆ ಅನುಕೂಲ.

ವರ್ಷಕ್ಕೆ ಎಷ್ಟು ಪೇಪರ್ ಇದ್ದರೆ ಗೌರವ?

ಮೇಲೆ ಹೇಳಿದ ಹಿಗ್ಸ್ ಕಣದ ಕಲ್ಪನೆಯನ್ನು 1964ರಲ್ಲಿ ಮುಂದಿಟ್ಟ ಪೀಟರ್ ಹಿಗ್ಸ್ ಆ ನಂತರ ಬರೆದದ್ದು ಹತ್ತಕ್ಕಿಂತ ಕಡಿಮೆ ಪೇಪರ್. ನೊಬೆಲ್ ಬಂದದ್ದು 2013ರಲ್ಲಿ. ಈಗಿನ ಕಾಲದಲ್ಲಾದರೆ ನನಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ ಎಂದು ಅವರೇ ಹೇಳಿದ್ದರು. ನಿಮ್ಮ ನೇಮಕಾತಿ ಸಮಿತಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ, ಅದೂ ನನಗೆ ಗೊತ್ತು.

ನಮ್ಮ ಗೈಡ್ ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಪರಿಚಯ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. 186 ಪೇಪರ್, ಎಚ್-ಇಂಡೆಕ್ಸ್ 33 ಅಂತ ಶುರು ಮಾಡಿದ್ದೇನೆ, ಮುಂದೆ ಪೆನ್ನು ಓಡುತ್ತಿಲ್ಲ.

ಓಡುವುದಿಲ್ಲ, ಯಾಕೆಂದರೆ ಆ ಸಾಲಿನಲ್ಲಿ ಅವರು ಇಲ್ಲ. ಅದನ್ನು ಕೊನೆಗೆ ತಳ್ಳಿ. 186ರಲ್ಲಿ ಮೂರೇ ಮೂರು ಪೇಪರ್ ಆರಿಸಿ. ಯಾವ ಮೂರು ಎಂದು ಅವರನ್ನೇ ಕೇಳಿ. ಅವರು ಹೇಳುವ ಮೂರು, ಸೈಟೇಶನ್ ಪಟ್ಟಿಯ ಮೇಲಿನ ಮೂರು ಆಗಿರುವುದಿಲ್ಲ ಎಂದು ನನ್ನ ಅಂದಾಜು. ಆಮೇಲೆ ಆ ಪೇಪರ್‌ಗಳನ್ನು ಉಲ್ಲೇಖಿಸಿದವರು ಯಾರು, ಅದರಿಂದ ಏನು ಮಾಡಿಕೊಂಡರು ಎಂದು ಐದಾರು ಪೇಪರ್ ತೆರೆದು ಓದಿ. ಒಂದು ಸಂಜೆಯ ಕೆಲಸ. ಬೇರೆ ಕ್ಷೇತ್ರದವರು ಯಾರಾದರೂ ಬಳಸಿದ್ದು ಸಿಕ್ಕರೆ ಅಲ್ಲಿಂದಲೇ ಪತ್ರ ಶುರು ಮಾಡಿ. ಮತ್ತೆ, ಅವರ ವಿದ್ಯಾರ್ಥಿಗಳು ಈಗ ಏನೇನು ಮಾಡುತ್ತಿದ್ದಾರೆ ಎಂಬುದನ್ನು ಬಿಡಬೇಡಿ, ಅದನ್ನು ಸ್ಕಾಲರ್ ಎಣಿಸುವುದಿಲ್ಲ. ಬರೆದಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ.